ಕುಶಾಲತೋಪಿಗೆ ಕೆಂಚಿ ನಿಂತದ್ದು

ಮೈಸೂರಿನ ಅಶ್ವಾರೋಹಿ ಪೊಲೀಸ್ ದಳಕ್ಕೆ ಸೇರಿದಾಗ ನನಗೆ ಎತ್ತು, ಎಮ್ಮೆ ಗೊತ್ತಿದ್ದವೇ ಹೊರತು ಕುದುರೆ ಗೊತ್ತಿರಲಿಲ್ಲ. ಮೊದಮೊದಲು ಹತ್ತಿಸಲೇ ಇಲ್ಲ. ನಸುಕಿನಲ್ಲೇ ಲಾಯಕ್ಕೆ ಹೋಗಿ ಲದ್ದಿ ಎತ್ತಬೇಕು, ಮೈ ತಿಕ್ಕಬೇಕು, ನಾಲ್ಕೂ ಗೊರಸಿನಡಿ ಸಿಕ್ಕಿಕೊಂಡ ಮಣ್ಣು, ಜಲ್ಲಿಯನ್ನು ಕೆರೆದು ತೆಗೆಯಬೇಕು. ಹೊಟ್ಟೆಯ ವಿಷಯದಲ್ಲಂತೂ ಇನ್ನೂ ಹುಷಾರು. ಕುದುರೆಗೆ ವಾಂತಿ ಆಗುವುದಿಲ್ಲ, ಹೊಟ್ಟೆನೋವು ಜೋರಾದರೆ ಜೀವವೇ ಹೋಗಬಹುದು.

ಹತ್ತಿಸಿದ ಮೇಲೂ ಪಾದ ಊರುವ ರಿಕಾಪು ಕೊಡಲಿಲ್ಲ. ವಾರಗಟ್ಟಲೆ ಕಾಲು ಇಳಿಬಿಟ್ಟುಕೊಂಡೇ ಟ್ರಾಟ್, ಅಂದರೆ ಕುಲುಕಾಡಿಸುವ ಹಗುರ ಓಟ. ತೊಡೆಯ ಒಳಗಿನ ಚರ್ಮ ಸುಲಿದುಹೋಯಿತು. ಆದರೆ ಕಾಲೂರಲು ಜಾಗವಿಲ್ಲದಿದ್ದಾಗಲೇ ಸೊಂಟ ಕುದುರೆಯ ಬೆನ್ನಿನ ಜೊತೆ ಆಡುವುದನ್ನು ಕಲಿಯುತ್ತದೆ. ಈಗಲೂ ಹೊಸಬರು ಕೇಳಿದರೆ ಇದೊಂದನ್ನು ಬಿಡಬೇಡಿ ಅನ್ನುತ್ತೇನೆ.

ನನ್ನ ಪಾಲಿಗೆ ಬಂದದ್ದು ಕಂದು ಬಣ್ಣದ ಎಳೆಯ ಹೆಣ್ಣುಕುದುರೆ. ಲಾಯದಲ್ಲಿ ಎಲ್ಲರೂ ಕೆಂಚಿ ಅನ್ನುತ್ತಿದ್ದೆವು. ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ, ಅಂದರೆ ಗೌರವಕ್ಕೆ ಹಾರಿಸುವ ಫಿರಂಗಿಯ ಸದ್ದಿನ ತಾಲೀಮು ಇರುತ್ತದೆ. ಮೊದಲ ತಾಲೀಮಿನಲ್ಲಿ ತೋಪು ಸಿಡಿದದ್ದೇ ತಡ, ಕೆಂಚಿ ಗಿರಕ್ಕನೆ ತಿರುಗಿ ಪಕ್ಕದ ಕುದುರೆಗೆ ಗುದ್ದಿದಳು. ನಾನು ಹೇಗೋ ಬೀಳಲಿಲ್ಲ.

ಸವಾರಿ ಕಲಿಸುತ್ತಿದ್ದ ಉಸ್ತಾದ್ ಬಂದು ಕೆಂಚಿಯನ್ನಲ್ಲ, ನನ್ನ ಕೈಯನ್ನು ನೋಡಿದರು. "ಲಗಾಮು ಎಳ್ಕೊಂಡಿದ್ದೀಯಲ್ಲೋ. ತೋಪು ಹಾರೋಕೆ ಮುಂಚೆನೇ ನೀನು ಹೆದರಿದೆ. ಅದು ಬಾಯಲ್ಲಿರೋ ಕಡಿವಾಣದಿಂದ ಅವಳಿಗೆ ಗೊತ್ತಾಯ್ತು," ಅಂದರು. ಮೈಸೂರು ಸಂಸ್ಥಾನದ ಕುದುರೆ ಪಡೆಯಾಗಿದ್ದ ಮೈಸೂರು ಲ್ಯಾನ್ಸರ್ಸ್ ಕಥೆ ಅವರ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ನಮ್ಮ ಮೈಸೂರಿನವರು ಜೋಧಪುರದ ಸವಾರರ ಜೊತೆ ಮೆಷಿನ್ ಗನ್ನುಗಳ ಎದುರಿಗೇ ಕುದುರೆ ಓಡಿಸಿ ಊರು ಹಿಡಿದರು. ಮುಂದೆ ಆ ಪಡೆ ಭಾರತೀಯ ಸೇನೆಯ ಕುದುರೆ ದಳವಾದ ಜೈಪುರದ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. "ಆ ಕುದುರೆಗಳೂ ಹುಲ್ಲು ತಿನ್ನೋ ಪ್ರಾಣಿಗಳೇ ಕಣೋ. ಸವಾರನನ್ನ ನಂಬಿ ಹೋದವು."

ಅವತ್ತಿನಿಂದ ಪಾಠ ಲಾಯದಲ್ಲೇ ಶುರುವಾಯಿತು. ಕೆಂಚಿ ಹುರುಳಿ ತಿನ್ನುವಾಗ ನನ್ನ ಗೆಳೆಯ ದೂರದಲ್ಲಿ ತಗಡಿನ ಬಕೆಟ್ ಬಡಿಯುತ್ತಿದ್ದ. ನಾನು ಅವಳ ದವಡೆ ನೋಡುತ್ತಿದ್ದೆ. ಅಗಿಯುವುದು ನಿಂತರೆ ಅವನು ಹತ್ತು ಹೆಜ್ಜೆ ಹಿಂದಕ್ಕೆ, ನಿಲ್ಲದಿದ್ದರೆ ಮಾರನೇ ದಿನ ಎರಡು ಹೆಜ್ಜೆ ಮುಂದಕ್ಕೆ. ಬಕೆಟ್ ಆಯಿತು, ತಮಟೆ ಆಯಿತು, ಆಮೇಲೆ ಪಟಾಕಿ. ಮುಂದಿನ ಫಿರಂಗಿ ತಾಲೀಮಿಗೆ, ಎಷ್ಟೋ ದಸರೆ ಕಂಡ ಮುದಿ ಕುದುರೆಯೊಂದರ ಮಗ್ಗುಲಲ್ಲಿ ನಿಲ್ಲಿಸಿದೆವು. ಆ ಮುದುಕ ತೋಪಿಗೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕೆಂಚಿ ನಡುಗಿದಳು, ಆದರೆ ಕದಲಲಿಲ್ಲ.

ನನಗೆ ಬೇರೆಯೇ ಪಾಠ. ಬೆರಳು ಸಡಿಲ ಬಿಡುವುದು, ಹಿಮ್ಮಡಿ ಕೆಳಗೆ ಒತ್ತುವುದು, ತೋಪಿನ ಹೊತ್ತಿಗೆ ಸರಿಯಾಗಿ ಉಸಿರು ಹೊರಗೆ ಬಿಡುವುದು. ಕುದುರೆಗಿಂತ ನಾನೇ ಹೆಚ್ಚು ದಿನ ತೆಗೆದುಕೊಂಡೆ.

ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಸಾಲಾಗಿ ನಿಂತೆವು. ಅಂಬಾರಿಯಲ್ಲಿದ್ದ ತಾಯಿ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಯಿತು, ಬ್ಯಾಂಡಿನವರು ರಾಷ್ಟ್ರಗೀತೆ ಎತ್ತಿದರು, ಮೊದಲ ತೋಪು ಹಾರಿತು. ನನ್ನ ಮೊಣಕಾಲಿನ ಕೆಳಗೆ ಕೆಂಚಿಯ ಚರ್ಮ ಒಮ್ಮೆ ಝುಮ್ಮೆಂದಿತು. ಎಡಗಿವಿ ಹಿಂದಕ್ಕೆ, ನನ್ನ ಕಡೆಗೆ ತಿರುಗಿತು. ನಾನು ಉಸಿರು ಬಿಟ್ಟೆ. ಕಿವಿ ಮತ್ತೆ ಮುಂದಕ್ಕೆ ಹೋಯಿತು. 21 ತೋಪೂ ಮುಗಿಯುವವರೆಗೂ ಅದು ಹಿಂದಕ್ಕೆ ತಿರುಗಲಿಲ್ಲ.

ಬನ್ನಿಮಂಟಪಕ್ಕೆ ಸುಮಾರು ಐದು ಕಿಲೋಮೀಟರ್, ಎರಡೂ ಕಡೆ ಜನಸಾಗರ. ಲಾಯಕ್ಕೆ ಬಂದು ಜೀನು ಇಳಿಸಿದಾಗ ಬೆನ್ನ ಮೇಲೆ ಅದರದೇ ಆಕಾರದಲ್ಲಿ ಬೆವರು ಮೂಡಿತ್ತು. ಕೈ ಹುರುಳಿ ಬುಟ್ಟಿಗೆ ಹೋಯಿತು, ಆದರೆ ಅವಳ ಮೈ ಇನ್ನೂ ಬಿಸಿಯಿತ್ತು. ಎದೆಯ ಬೆವರು ಆರುವವರೆಗೆ ಅಂಗಳದಲ್ಲಿ ನಡೆಸಿಕೊಂಡು ಅಡ್ಡಾಡಿದೆ, ಆಮೇಲೆ ಬುಟ್ಟಿ ಇಟ್ಟೆ.