ಎಡಪುಟದಲ್ಲಿ ಪ್ರಶ್ನೆ, ಬಲಪುಟ ಖಾಲಿ

ನನ್ನ ಪ್ರಾರ್ಥನೆಯ ನೋಟ್‌ಬುಕ್ ಕಂಡು ನಮ್ಮ ಚರ್ಚ್ ಸಭೆಯಲ್ಲೇ ಕೆಲವರು ಒಪ್ಪದೆ ತಲೆ ಆಡಿಸಿದ್ದರು. ಆ ನೋಟ್‌ಬುಕ್ ದೆಸೆಯಿಂದಲೇ ನನ್ನ ಸಾಲ ತೀರಿತು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಸೋತಿದ್ದು. 2018ರ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡು (ಹೊಸ ವರ್ಷಕ್ಕೆಂದು ಒಬ್ಬೊಬ್ಬರಿಗೆ ಸಿಗುವ ಬೈಬಲ್ ವಾಕ್ಯ) ಯೆಶಾಯ 54:2, ಗುಡಾರದ ಸ್ಥಳ ವಿಶಾಲಮಾಡು ಅನ್ನುವ ವಾಕ್ಯ. ನನ್ನದು ಹಾಸನದಲ್ಲಿ ಟೈಲರ್ ಅಂಗಡಿ. ಇದೇ ಅಪ್ಪಣೆ ಅಂದುಕೊಂಡು ಫೆಬ್ರವರಿಯಲ್ಲೇ ಎರಡನೇ ಅಂಗಡಿ ಹಿಡಿದೆ. ಅಡ್ವಾನ್ಸ್ ಒಂದೂವರೆ ಲಕ್ಷ, ಮೆಷಿನ್‌ಗೆ ಇನ್ನೊಂದು 80 ಸಾವಿರ. ಎಂಟು ತಿಂಗಳಿಗೆ ಬಾಗಿಲು ಹಾಕಿದೆ. ವಾಕ್ಯ ಸುಳ್ಳಲ್ಲ. ನಾನು ಕಾಯಲಿಲ್ಲ, ಯಾರನ್ನೂ ಕೇಳಲಿಲ್ಲ.

ಆಮೇಲೆ ದೇವರ ಚಿತ್ತ ತಿಳಿಯಲು ಹೌದು, ಬೇಡ ಅಂತ ಬರೆದ ಚೀಟಿ ಎತ್ತಿದೆ. ಬೈಬಲಿನ ಗಿದ್ಯೋನ ಉಣ್ಣೆ ಹಾಸಿ ಅದರ ಮೇಲೆ ಮಾತ್ರ ಇಬ್ಬನಿ ಬೀಳಲಿ ಅಂತ ದೇವರಿಂದ ಗುರುತು ಕೇಳಿದ ಹಾಗೆ ‘ಹತ್ತು ಗಂಟೆಯೊಳಗೆ ಫೋನ್ ಬಂದರೆ ಹೌದು’ ಅಂತ ಗುರುತು ಇಟ್ಟೆ. ಎರಡೂ ಕೈಕೊಟ್ಟವು. ನ್ಯಾಯಸ್ಥಾಪಕರು 6 ಮತ್ತೆ ಓದಿದಾಗ ಕಂಡಿತು: ಗಿದ್ಯೋನನಿಗೆ ಅಪ್ಪಣೆ ಮೊದಲೇ ಸಿಕ್ಕಿತ್ತು, ಉಣ್ಣೆ ಹಾಸಿದ್ದು ಆಮೇಲೆ.

ಈಗ ನೋಟ್‌ಬುಕ್ಕಿನ ಎಡಪುಟದಲ್ಲಿ ತಾರೀಖು ಹಾಕಿ ದೇವರಿಗೆ ಒಂದೇ ಪ್ರಶ್ನೆ ಬರೆಯುತ್ತೇನೆ. ಬೈಬಲನ್ನು ಓದುತ್ತಿದ್ದ ಕಡೆಯಿಂದಲೇ ಮುಂದಕ್ಕೆ ಓದುತ್ತೇನೆ, ಬೇಕಾದ ವಾಕ್ಯ ಹುಡುಕುವುದಿಲ್ಲ. ವಾಕ್ಯ, ಹಿರಿಯರ ಮಾತು, ತೆರೆದ ಬಾಗಿಲು ಅಂದರೆ ತಾನಾಗೇ ಬಂದ ಅವಕಾಶ, ಮೂರೂ ಒಂದೇ ಕಡೆ ತೋರಿಸುವವರೆಗೆ ಉತ್ತರದ ಬಲಪುಟ ಖಾಲಿ. ಪ್ರಶ್ನೆಯನ್ನು ಹೇಗೆ ಬರೆಯುತ್ತೇನೆ ಅನ್ನುವುದೊಂದು ನನ್ನ ಹತ್ತಿರವೇ ಇರಲಿ.

ಅಷ್ಟರಲ್ಲಿ ಒಂದು ಶಾಲೆಯಿಂದ ದೊಡ್ಡ ಯೂನಿಫಾರ್ಮ್ ಆರ್ಡರ್ ಬಂತು. ಬಟ್ಟೆ ನಾನೇ ಹಾಕಬೇಕು, ಸುಮಾರು ಮೂರು ಲಕ್ಷ ಸಾಲ. ಆ ವಾರ ಓದುತ್ತಿದ್ದುದು ಜ್ಞಾನೋಕ್ತಿ 22. ಸಾಲಕ್ಕೆ ಹೊಣೆಯಾದವನ ಹಾಸಿಗೆಯನ್ನೂ ಎಳೆದುಕೊಂಡು ಹೋದಾರು ಅಂತಿದೆ. ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು ನಾನು ಕೇಳದೇನೇ, ‘ಸಾಲದ ಕೆಲಸ ಬೇಡಪ್ಪಾ’ ಅಂದರು. ಬಿಟ್ಟುಬಿಟ್ಟೆ. ‘ದೇವರು ಬುದ್ಧಿ ಕೊಟ್ಟಿಲ್ವಾ ಭಾವ?’ ಅಂತ ನನ್ನ ಹೆಂಡತಿಯ ತಮ್ಮ ರೇಗಿದ. ಹನ್ನೊಂದು ವಾರ ಏನೂ ಬರಲಿಲ್ಲ. ಅಂಗಡಿ ಬಾಡಿಗೆಗೆ ಹೆಂಡತಿಯ ಓಲೆ ಅಡ ಇಟ್ಟೆ. ಸುವಾರ್ತೆ ಸಾರಲು ಹೊರಟ ಅಪೊಸ್ತಲ ಪೌಲನಿಗೂ ಆಸ್ಯ, ಬಿಥೂನ್ಯ ಸೀಮೆ ಎರಡೂ ಕಡೆ ತಡೆಯಾದ ಮೇಲಲ್ವಾ ಮಕೆದೋನ್ಯದ ಕರೆ ಬಂದಿದ್ದು? ಅದನ್ನೇ ದಿನಾ ಓದಿದೆ.

ಮೇ ತಿಂಗಳಲ್ಲಿ ಇನ್ನೊಂದು ಶಾಲೆಯವರು ಬಂದರು. ಬಟ್ಟೆ ಅವರದೇ, ನನ್ನದು ಹೊಲಿಗೆ ಮಾತ್ರ. 400 ಜೊತೆಗಿಂತ ಜಾಸ್ತಿ. ಕೂಲಿ ಕಳೆದು 60 ಸಾವಿರ ಉಳಿಯಿತು. ಮೊದಲನೇ ಆರ್ಡರ್ ಹಿಡಿದವರಿಗೆ ಆಗಲೂ ದುಡ್ಡು ಬಂದಿರಲಿಲ್ಲ. ಓಲೆ ಬಿಡಿಸಿಕೊಂಡ ದಿನ ಬಲಪುಟದಲ್ಲಿ ತಾರೀಖು ಬರೆದೆ. ಇನ್ನೆರಡು ಸೀಸನ್‌ಗೆ ಹಳೇ ಸಾಲವೂ ಮುಗಿಯಿತು.

ಈಗಿನ ಎಡಪುಟದಲ್ಲಿ ಮಗಳ ನರ್ಸಿಂಗ್ ಸೀಟಿನ ಪ್ರಶ್ನೆ ಇದೆ. ಮೂರು ವಾರವಾಯಿತು. ನಾಳೆಯ ಓದು ಕೀರ್ತನೆ 32.