ಕಸಿಯ ನಂತರ ಪ್ಲೇಟ್‌ಲೆಟ್ ಲೆಕ್ಕ ಇಡುವುದು ಹೇಗೆ?

ಕ್ಯಾನ್ಸರ್‌ಗೆ ಸ್ಟೆಮ್ ಸೆಲ್ ಕಸಿ (ರಕ್ತ ತಯಾರಿಸುವ ಮೂಲಕೋಶಗಳನ್ನು ಮೈಗೆ ಸೇರಿಸುವ ಚಿಕಿತ್ಸೆ) ಮಾಡಿಸಿಕೊಂಡು ಬೆಂಗಳೂರಿನಿಂದ ಶಿರಾ, ಗುಬ್ಬಿ, ತಿಪಟೂರಿನ ಕಡೆಗೆ ಮರಳಿದವರನ್ನು ನೋಡಲು ಬಂದವರೆಲ್ಲ ಕೇಳುವುದು ಒಂದೇ: ‘ಪ್ಲೇಟ್‌ಲೆಟ್ ಎಷ್ಟಿದೆ?’ ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಿಸಿ ಸೋರಿಕೆ ನಿಲ್ಲಿಸುವ ಕಣ. ಆ ಅಂಕಿಯನ್ನು ತಪ್ಪಾಗಿ ಓದಿ ಕಂಗಾಲಾದ ಮನೆಗಳನ್ನೂ ನಿಶ್ಚಿಂತವಾದ ಮನೆಗಳನ್ನೂ ನೋಡಿದ್ದೇನೆ. ಹೆಚ್ಚು ಅಪಾಯ ನಿಶ್ಚಿಂತೆಯಿಂದಲೇ.

ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ದಿನಾಂಕ, ಪ್ಲೇಟ್‌ಲೆಟ್ ಸಂಖ್ಯೆ, ಹೊರಗಿನಿಂದ ಹಾಕಿಸಿದ ಪ್ಲೇಟ್‌ಲೆಟ್, ಮೈಮೇಲೆ ಕಂಡದ್ದು ಎಂದು ನಾಲ್ಕು ಕಾಲಂ ಎಳೆಯಿರಿ. ಮೊಬೈಲಿನಲ್ಲಿ ವರದಿಯ ಫೋಟೊ ಇದ್ದರೆ ಸಾಲದು. ವೈದ್ಯರ ಮುಂದೆ ಕುಳಿತಾಗ ಹುಡುಕಿದರೂ ಸಿಗುವುದಿಲ್ಲ.

ಎರಡನೆಯದು, ಅಂಕಿಯನ್ನು ಸರಿಯಾಗಿ ಇಳಿಸಿಕೊಳ್ಳುವುದು. ಒಂದು ಲ್ಯಾಬ್ 25,000 ಎಂದು ಬರೆದರೆ ಇನ್ನೊಂದು 25 ಎಂದೂ ಮತ್ತೊಂದು 0.25 ಲಕ್ಷ ಎಂದೂ ಬರೆಯುತ್ತದೆ. ಮೂರೂ ಒಂದೇ. ನೀವು 25,000 ಎಂದು ಸೊನ್ನೆಗಳ ಸಮೇತವೇ ಬರೆಯಿರಿ. ಆರೋಗ್ಯವಂತರಲ್ಲಿ ಇದು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತದೆ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ. ಸೋಮವಾರ 9,000 ಇತ್ತು, ಪ್ಲೇಟ್‌ಲೆಟ್ ಹಾಕಿಸಿದಿರಿ, ಮಂಗಳವಾರ 38,000 ಬಂತು ಎಂದುಕೊಳ್ಳಿ. ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಏರಿದ್ದು ದಾನಿಯ ಪ್ಲೇಟ್‌ಲೆಟ್, ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಹೊಸ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತಕಣ ತಯಾರಾಗುವ ಮೆತ್ತನೆಯ ಭಾಗ) ತಾನೇ ಪ್ಲೇಟ್‌ಲೆಟ್ ತಯಾರಿಸುತ್ತಿದೆಯೇ ಎಂದು ತಿಳಿಯಲು ಕೊನೆಯ ಬಾರಿ ಹಾಕಿಸಿದ ದಿನದಿಂದ ಎಣಿಸಬೇಕು. ಏಳು ದಿನ ಹೊರಗಿನಿಂದ ಏನೂ ಹಾಕಿಸದೆ 20,000ಕ್ಕಿಂತ ಮೇಲೆ ನಿಂತರೆ ಮಾತ್ರ ವೈದ್ಯರು ಸಾಮಾನ್ಯವಾಗಿ ಚೇತರಿಕೆ ಎನ್ನುತ್ತಾರೆ. ಹಾಗಾಗಿ ಹಾಕಿಸಿದ ದಿನವನ್ನು ಕೆಂಪು ಶಾಯಿಯಲ್ಲೇ ಬರೆಯಿರಿ. ಸಾಮಾನ್ಯವಾಗಿ ಬಿಳಿ ರಕ್ತಕಣಗಳು ಮೊದಲು ಏರುತ್ತವೆ, ಪ್ಲೇಟ್‌ಲೆಟ್ ಹಿಂದಿನಿಂದ ಬರುತ್ತದೆ. ತಡವಾದ ಮಾತ್ರಕ್ಕೆ ಕಸಿ ಸೋತಿತೆಂದು ಅಳಬೇಡಿ. ಏರಿದ್ದು ಸೋಂಕಿನಿಂದಲೋ ಔಷಧದಿಂದಲೋ ಮತ್ತೆ ಇಳಿಯಲೂಬಹುದು. ಇಳಿದ ದಿನವೇ ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ.

ಇಷ್ಟರಲ್ಲಿ ನೆಂಟರೊಬ್ಬರು ಪಪ್ಪಾಯಿ ಎಲೆಯ ರಸ ತಂದಿರುತ್ತಾರೆ. ಕುಡಿಸಬೇಡಿ. ಕಸಿಯಾದ ಮಜ್ಜೆಯನ್ನು ಅದು ಬೇಗ ಎಬ್ಬಿಸುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ರೋಗನಿರೋಧಕ ಶಕ್ತಿಯೇ ಇಲ್ಲದವರಿಗೆ ಹಸಿ ರಸ ಸೋಂಕಿನ ದಾರಿ. ಪ್ಲೇಟ್‌ಲೆಟ್ ಹೆಚ್ಚಿಸುವ ಮಾತ್ರೆಯೆಂದು ಅಂಗಡಿಯಲ್ಲಿ ಮಾರುವುದನ್ನೂ ವೈದ್ಯರಿಗೆ ತೋರಿಸದೆ ಕೊಡಕೂಡದು.

ನಾಲ್ಕನೆಯದು, ಪ್ರತಿದಿನ ಬೆಳಿಗ್ಗೆ ಒಳ್ಳೆಯ ಬೆಳಕಿನಲ್ಲಿ ಮೈ ನೋಡುವುದು. ಮೊಣಕಾಲಿನ ಕೆಳಗೆ ಗುಂಡುಸೂಜಿಯ ತಲೆಯಷ್ಟು ಕೆಂಪು ಚುಕ್ಕೆಗಳಿದ್ದರೆ ಬೆರಳಿನಿಂದ ಒತ್ತಿ. ಮಾಸದಿದ್ದರೆ ಅದು ಚರ್ಮದಡಿಯ ರಕ್ತ. ವಸಡು, ಮೂತ್ರ, ಮಲದ ಬಣ್ಣವನ್ನೂ ಗಮನಿಸಿ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ವಾಲಿಸದೆ ಮುಂದಕ್ಕೆ ಬಾಗಿಸಿ, ಮೃದುಭಾಗವನ್ನು 10ರಿಂದ 15 ನಿಮಿಷ ಬಿಡದೆ ಹಿಡಿಯಿರಿ. ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ, ತೀವ್ರ ತಲೆನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

ಮೆತ್ತನೆಯ ಬ್ರಷ್ ಬಳಸಿ, ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ತೆಂಗಿನಕಾಯಿ ಸುಲಿಯುವುದು, ಈಳಿಗೆಮಣೆ, ಬೈಕ್ ಸವಾರಿ ಸದ್ಯಕ್ಕೆ ಬೇಡ. ಜ್ವರ ಬಂದಾಗ ಪಕ್ಕದ ಕ್ಲಿನಿಕ್ಕಿಗೆ ಹೋಗಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ: ಸೂಜಿ ಚುಚ್ಚಿದ ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳುತ್ತದೆ. ಆ ಜ್ವರವನ್ನು ಕಸಿಯ ವೈದ್ಯರೇ ನೋಡಬೇಕು. ಆಸ್ಪಿರಿನ್, ಐಬುಪ್ರೊಫೇನ್ ಕೂಡ ಮನೆಯ ಡಬ್ಬಿಯಿಂದ ಆಚೆ ಹೋಗಲಿ.

ಕೊನೆಯದಾಗಿ ದಾನಿಗಳ ಪಟ್ಟಿ. ಪ್ಲೇಟ್‌ಲೆಟ್ ಚೀಲ ಸಾಮಾನ್ಯವಾಗಿ ಐದು ದಿನ ಮಾತ್ರ ಬಾಳುತ್ತದೆ, ಕೂಡಿಡಲಾಗದು. ಹಾಗಾಗಿ ಒಪ್ಪಿದವರ ಹೆಸರು, ಫೋನ್ ಸಂಖ್ಯೆಗಳನ್ನು ಮುಂಚಿತವಾಗಿ ಬರೆದಿಡಿ. ತುಮಕೂರಿನಲ್ಲೇ ಹಾಕಿಸುವ ಸಂದರ್ಭ ಬಂದರೆ ವಿಕಿರಣಕ್ಕೆ ಒಳಪಡಿಸಿದ (ದಾನಿಯ ಬಿಳಿ ರಕ್ತಕಣಗಳು ರೋಗಿಯ ದೇಹದ ಮೇಲೆ ದಾಳಿ ಮಾಡದಂತೆ ತಡೆದ) ಚೀಲವೇ ಬೇಕೆಂದು ಕೇಳಿ, ಚೀಲದ ಮೇಲಿನ ಚೀಟಿಯನ್ನು ಓದಿದ ಮೇಲೆಯೇ ಹಾಕಲು ಬಿಡಿ.