ಬೆಟ್ಟ ಕಾಣಬೇಕು, ಬೆಟ್ಟದ ಮೇಲೇ ಇರಬೇಕಿಲ್ಲ

ಸಿಡ್ನಿಯಿಂದ ಮೆಲ್ಬರ್ನ್‌ಗೆ ಬರುವ ನಮ್ಮವರು ಮೊದಲು ಕೇಳುವುದು, 'ಯಾವ ಸಬರ್ಬ್ ಒಳ್ಳೇದು?' ಎರಡನೇ ಪ್ರಶ್ನೆ ಸ್ವಲ್ಪ ಮೆಲ್ಲಗೆ ಬರುತ್ತದೆ: 'ಹಸಿರು ಇರಬೇಕು, ಬೆಟ್ಟಗಿಟ್ಟ ಕಾಣಬೇಕು, ಮಕ್ಕಳಿಗೂ ಚೆನ್ನಾಗಿರಬೇಕು.' ಮಲೆನಾಡಿನವರಾದರೆ ಇದನ್ನೇ ಮೊದಲು ಕೇಳುತ್ತಾರೆ. ನಾನು ಸಾಗರದ ಕಡೆಯವಳು. ಹಾಗೆ ಕೇಳಿಕೊಂಡೇ ಬಂದೆ, ಬಂದು ಒಂದು ವರ್ಷ ಪೆಟ್ಟು ತಿಂದೆ.

ಮೊದಲು ಊರಿನ ನೆಲ ಗೊತ್ತಿರಲಿ. ಮೆಲ್ಬರ್ನ್‌ನ ಪಶ್ಚಿಮ ಭಾಗ ಹಳೆಯ ಲಾವಾ ಹರಿದು ಆದ ಬಯಲು. ಟಾರ್ನೀಟ್, ಟ್ರುಗನೀನಾ ಎಲ್ಲ ಅಲ್ಲೇ. ಹೊಸ ಮನೆ, ಅಗಲ ರಸ್ತೆ, ಪಕ್ಕದಲ್ಲೇ ನಮ್ಮ ಜನ, ದಿನಸಿ ಅಂಗಡಿ. ಬೆಟ್ಟ ಮಾತ್ರ ಕೇಳಬೇಡಿ. ಬೆಟ್ಟ ಬೇಕು ಅಂದರೆ ಪೂರ್ವಕ್ಕೆ ಬರಬೇಕು, ಡ್ಯಾಂಡೆನಾಂಗ್ ಬೆಟ್ಟಸಾಲಿಗೆ. ಅತಿ ಎತ್ತರದ ಶಿಖರವೇ 633 ಮೀಟರ್. ನಂದಿ ಬೆಟ್ಟದ ಅರ್ಧವೂ ಇಲ್ಲ. ಆದರೆ ಮರಗಳನ್ನು ನೋಡಿದರೆ ಎತ್ತರದ ಲೆಕ್ಕ ಮರೆತುಹೋಗುತ್ತದೆ. ಮೌಂಟನ್ ಆಶ್ ಎಂಬ ನೀಲಗಿರಿ ಜಾತಿಯ ಮರ, ಬುಡದಲ್ಲಿ ಜರಿಗಿಡಗಳು, ಮಧ್ಯೆ ಮಂಜು. ಊರು ನೆನಪಾಗದೆ ಇರುತ್ತಾ?

ನಮಗೆ ಮನೆ ತೋರಿಸಿದ್ದು ಒಂದು ಶನಿವಾರ ಬೆಳಗ್ಗೆ ಹನ್ನೊಂದಕ್ಕೆ. ಬೆಟ್ಟದ ಮೇಲಿನ ಮನೆ, ಮರದ ಡೆಕ್, ಎಳೆ ಬಿಸಿಲು, ಡೆಕ್‌ಗೇ ಬಂದು ಕೂರುವ ಗಿಳಿಗಳು. ಅಲ್ಲೇ ಅರ್ಜಿ ಹಾಕಿಬಿಟ್ಟೆವು. ಜೂನ್ ಬಂತು. ಸಂಜೆ ಐದೂಕಾಲಿಗೆಲ್ಲ ಕತ್ತಲೆ. ಮನೆ ಇದ್ದದ್ದು ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ. ಚಳಿಗಾಲ ಮುಗಿಯುವವರೆಗೆ ಅಡುಗೆಮನೆಗೆ ಬಿಸಿಲೇ ಬೀಳಲಿಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಒಣಗಲಿಲ್ಲ. ಒಳಚರಂಡಿ ಇಲ್ಲ, ಸೆಪ್ಟಿಕ್ ಟ್ಯಾಂಕ್. ಬೆಟ್ಟದ ಎಷ್ಟೋ ಮನೆಗಳಲ್ಲಿ ಹಾಗೇ ಅಂತ ಆಮೇಲೆ ಗೊತ್ತಾಯಿತು. ಅಂಥ ಮನೆಗೆ ಊರಿಂದ ಎಂಟು ಜನ ನೆಂಟರು ಬಂದರೆ ಏನಾಗುತ್ತದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ.

ಇಲ್ಲೊಂದು ವಿಷಯ. ನಮ್ಮವರು ಮನೆ ನೋಡುವಾಗ ಬಾಗಿಲು ಪೂರ್ವಕ್ಕಿದೆಯಾ ಅಂತ ಮೊದಲು ನೋಡುತ್ತಾರೆ. ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ಇಲ್ಲಿ ಚಳಿಗಾಲದ ಸೂರ್ಯ ಉತ್ತರದಲ್ಲಿ ಹಾದುಹೋಗುತ್ತಾನೆ. ದೊಡ್ಡ ಕಿಟಕಿಗಳು ಉತ್ತರಕ್ಕಿದ್ದರೆ ಹೀಟರ್ ಬಿಲ್‌ನ ಜಗಳ ಅರ್ಧ ತಪ್ಪುತ್ತದೆ. ಬಾಡಿಗೆ ಮನೆಯ ಮುಖ್ಯ ಕೋಣೆಯಲ್ಲಿ ಗೋಡೆಗೋ ನೆಲಕ್ಕೋ ಜೋಡಿಸಿದ ಹೀಟರ್ ಇರಲೇಬೇಕು ಅಂತ ಈ ರಾಜ್ಯದ, ಅಂದರೆ ವಿಕ್ಟೋರಿಯಾದ, ಕಾನೂನೇ ಇದೆ. ಪ್ಲಗ್ ಹಾಕುವ ಪುಟ್ಟ ಹೀಟರ್ ಕೊಟ್ಟು ಕೈತೊಳೆದುಕೊಂಡರೆ ಒಪ್ಪಬೇಡಿ.

ಚಳಿ, ಚರಂಡಿ ಬಿಡಿ, ಹೇಗೋ ಸುಧಾರಿಸಬಹುದು. ದೊಡ್ಡದು ಬೆಂಕಿ. ಕಾಡಿನ ಮಧ್ಯೆ ಹುಟ್ಟಿ ಬೆಳೆದವರಿಗೆ ಕಾಡು ಅಂದರೆ ಭಯ ಇರುವುದಿಲ್ಲ. ಹಸಿರಾಗಿದೆ ಅಂದರೆ ಒದ್ದೆಯಾಗಿದೆ ಅಂತ ನಮ್ಮ ಕಣ್ಣು ಕಲಿತಿದೆ. ಇಲ್ಲಿ ಆ ಕಣ್ಣು ಮೋಸ ಮಾಡುತ್ತದೆ. ನೀಲಗಿರಿ ಎಲೆಯಲ್ಲಿ ಎಣ್ಣೆ. ತೊಗಟೆ ಉದ್ದುದ್ದ ಪಟ್ಟಿಯಾಗಿ ಸುಲಿದು ನೇತಾಡುತ್ತದೆ, ಕಿಡಿ ಹತ್ತಿದರೆ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹಾರುತ್ತದೆ. ಬೆಂಕಿ ಬೆಟ್ಟ ಇಳಿಯುವುದಕ್ಕಿಂತ ವೇಗವಾಗಿ ಬೆಟ್ಟ ಏರುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದರೆ ಬೆಂಕಿಯ ವೇಗ ಸುಮಾರು ಎರಡು ಪಟ್ಟು ಅಂತ ಅಗ್ನಿಶಾಮಕದವರ ಲೆಕ್ಕ. ಅಂದರೆ ಒಳ್ಳೇ ನೋಟ ಸಿಗುವ ಮನೆಯೇ ಬೆಂಕಿಗೂ ಒಳ್ಳೇ ಜಾಗ. 2009ರ ಫೆಬ್ರವರಿ 7ರಂದು ವಿಕ್ಟೋರಿಯಾದಲ್ಲಿ ಎದ್ದ ಕಾಡ್ಗಿಚ್ಚಿಗೆ 173 ಜನ ಬಲಿಯಾದರು. 'ಬ್ಲ್ಯಾಕ್ ಸ್ಯಾಟರ್‌ಡೇ' ಅಂದರೆ ಇಲ್ಲಿನ ಹಳಬರು ಇವತ್ತಿಗೂ ಮಾತು ನಿಲ್ಲಿಸುತ್ತಾರೆ.

ಹೆದರಿಸಲು ಹೇಳುತ್ತಿಲ್ಲ. ಬೆಟ್ಟದ ಮೇಲೂ ಸಾವಿರಾರು ಕುಟುಂಬಗಳು ಚೆನ್ನಾಗೇ ಇವೆ. ಆದರೆ ಅವರಿಗೆ ಅದೊಂದು ಅಭ್ಯಾಸ. ಚಾವಣಿಯಂಚಿನ ಗಟರ್‌ನಿಂದ ಒಣ ಎಲೆ ತೆಗೆಯುತ್ತಾರೆ, ಫೋನ್‌ನಲ್ಲಿ ಸರ್ಕಾರದ ತುರ್ತು ಎಚ್ಚರಿಕೆ ಕೊಡುವ ವಿಕ್‌ಎಮರ್ಜೆನ್ಸಿ ಆ್ಯಪ್ ಇಟ್ಟುಕೊಂಡಿರುತ್ತಾರೆ, ಬೆಂಕಿಯ ಅಪಾಯ ಎಲ್ಲಕ್ಕಿಂತ ಮೇಲಿನ ಮಟ್ಟ 'ಕೆಟಾಸ್ಟ್ರೊಫಿಕ್' ಅಂತ ಬಂದರೆ ಬೆಂಕಿ ಕಾಣುವ ಮೊದಲೇ ಕಾರು ಹತ್ತುತ್ತಾರೆ. ಕೆಲಸ, ಶಾಲೆ, ರಸ್ತೆ ಎಲ್ಲ ಹೊಸದಾಗಿರುವಾಗ ಇದನ್ನೂ ತಲೆಗೆ ಕಟ್ಟಿಕೊಳ್ಳಬೇಕಾ? ಬೆಂಕಿ ಬಿಟ್ಟರೆ ಬಿರುಗಾಳಿ. 2021ರ ಜೂನ್‌ನಲ್ಲಿ ಬೆಟ್ಟದ ಮೇಲೆ ಮರಗಳು ಸಾಲಾಗಿ ಉರುಳಿದವು. ಕೆಲವು ಕಡೆ ವಾರಗಟ್ಟಲೆ ಕರೆಂಟ್ ಇರಲಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಬುಡದಲ್ಲಿ ಮನೆ ಮಾಡಿ. ಬೊರೋನಿಯಾ, ಫರ್ನ್‌ಟ್ರೀ ಗಲ್ಲಿ ನೋಡಿ. ಗಲ್ಲಿ ಅಂದರೆ ನಮ್ಮ ಓಣಿಯಲ್ಲ, ನೀರು ಕೊರೆದ ಸಣ್ಣ ಕಣಿವೆ. ಎರಡೂ ಕಡೆ ರಸ್ತೆಯ ತುದಿಗೆ ಬೆಟ್ಟ ಕಾಣುತ್ತದೆ, ಎರಡಕ್ಕೂ ಬೆಲ್‌ಗ್ರೇವ್ ಲೈನ್‌ನ ರೈಲಿದೆ. ಸಿಟಿಗೆ ಸುಮಾರು ಒಂದು ಗಂಟೆ, ಕೂತು ಹೋಗಬಹುದು. ಗಲ್ಲಿ ಸ್ಟೇಷನ್ ದಾಟಿದ ಮೇಲೆ ಒಂದೇ ಹಳಿ. ಅಪ್ವೇ, ಟಿಕೋಮಾ ಅಂತ ಇನ್ನೂ ಮೇಲೆ ಮನೆ ನೋಡುವವರು ರೈಲಿನ ವೇಳಾಪಟ್ಟಿಯನ್ನೂ ನೋಡಿಕೊಳ್ಳಿ. ದೊಡ್ಡ ಮನೆ ಬೇಕು ಅಂದರೆ ರೋವಿಲ್, ಲಿಸ್ಟರ್‌ಫೀಲ್ಡ್ ಚೆನ್ನಾಗಿವೆ. ಕೆರೆ ಇದೆ, ಕಾಂಗರೂಗಳಿವೆ. ರೈಲಿಲ್ಲ. 1969ರ ಯೋಜನೆಯಲ್ಲೇ ರೋವಿಲ್‌ಗೆ ರೈಲು ಅಂತ ಬರೆದಿದ್ದರು. ನಮ್ಮ ತಾಳಗುಪ್ಪ–ಹೊನ್ನಾವರ ರೈಲಿನ ಹಾಗೆ, ಬರುತ್ತಲೇ ಇದೆ.

ಬುಡ ಅಂದ ಮಾತ್ರಕ್ಕೆ ಬೆಂಕಿಯ ಲೆಕ್ಕ ಬಿಡಬೇಡಿ. ಒಂದೇ ಸಬರ್ಬ್‌ನಲ್ಲಿ ಒಂದು ಬೀದಿ ಅಪಾಯದ ನಕ್ಷೆಯೊಳಗಿರುತ್ತದೆ, ಪಕ್ಕದ್ದು ಹೊರಗೆ. ಕೊಳ್ಳುವವರಿಗೆ ಮಾರುವವರು ಕೊಡುವ 'ಸೆಕ್ಷನ್ 32' ಕಾಗದದಲ್ಲಿ ಇದು ಬರೆದಿರಬೇಕು. ಸಹಿ ಹಾಕುವ ಮೊದಲೇ ಆ ವಿಳಾಸಕ್ಕೆ ಇನ್ಶೂರೆನ್ಸ್ ಎಷ್ಟು ಅಂತ ಕೇಳಿ. ಏಜೆಂಟ್ ಹೇಳದ ಎಷ್ಟೋ ಸಂಗತಿ ಆ ಒಂದು ಮೊತ್ತ ಹೇಳಿಬಿಡುತ್ತದೆ. ಆದರೆ ಮೊದಲ ವರ್ಷ ಕೊಳ್ಳಲೇಬೇಡಿ. ಬಾಡಿಗೆಗಿರಿ, ಒಂದು ಚಳಿಗಾಲ, ಒಂದು ಬೇಸಿಗೆ ನೋಡಿ.

ಶಾಲೆಯ ವಿಷಯದಲ್ಲಿ ಸಿಡ್ನಿಯವರು ತಪ್ಪದೆ ಎಡವುತ್ತಾರೆ. ಅಲ್ಲಿ 'ಕಿಂಡರ್‌ಗಾರ್ಟನ್' ಅಂದರೆ ಶಾಲೆಯ ಮೊದಲ ವರ್ಷ. ಇಲ್ಲಿ ಅದಕ್ಕೆ 'ಪ್ರೆಪ್' ಅಂತಾರೆ. ಇಲ್ಲಿನ 'ಕಿಂಡರ್' ಅಂದರೆ ಅದಕ್ಕೂ ಮೊದಲಿನದು, ಮೂರು ನಾಲ್ಕು ವರ್ಷದ ಮಕ್ಕಳಿಗೆ. ಸಿಡ್ನಿಯಲ್ಲಿ ಜುಲೈ 31ರೊಳಗೆ ಐದು ತುಂಬುವ ಮಗು ಆ ವರ್ಷ ಶಾಲೆ ಸೇರಬಹುದು. ಇಲ್ಲಿ ಏಪ್ರಿಲ್ 30ರೊಳಗೆ ತುಂಬಬೇಕು. ನನ್ನ ಮಗಳು ಜೂನ್‌ನವಳು. ಸಿಡ್ನಿಯಲ್ಲಿ ಯೂನಿಫಾರ್ಮ್ ಕೂಡ ಕೊಂಡಾಗಿತ್ತು. ಇಲ್ಲಿಗೆ ಬಂದು ಇನ್ನೊಂದು ವರ್ಷ ಕಿಂಡರ್‌ನಲ್ಲಿ ಮಣ್ಣಾಡಿಕೊಂಡಿದ್ದಳು. ಈಗ ಯೋಚಿಸಿದರೆ ಒಳ್ಳೇದೇ ಆಯಿತು, ಆಗ ಮಾತ್ರ ಮನೆಯಲ್ಲಿ ಅಳುವೋ ಅಳು.

ಸರ್ಕಾರಿ ಶಾಲೆಗೆ ವಲಯ ಇರುತ್ತದೆ. ವಲಯದೊಳಗೆ ವಾಸವಿದ್ದರೆ ಸೀಟು ಖಾತ್ರಿ. ಸರ್ಕಾರದ 'ಫೈಂಡ್ ಮೈ ಸ್ಕೂಲ್' ನಕ್ಷೆಯಲ್ಲಿ ಮನೆಯ ವಿಳಾಸ ಹಾಕಿದರೆ ಯಾವ ಶಾಲೆ ಅಂತ ತೋರಿಸುತ್ತದೆ. ಸಬರ್ಬ್ ಹೆಸರು ನಂಬಿಕೊಂಡು ಕೂರಬೇಡಿ, ಗೆರೆ ಬೀದಿಯ ಮಧ್ಯೆ ಹಾದಿರುತ್ತದೆ. ಒಂದು ಹೆಸರುವಾಸಿ ಶಾಲೆಯ ವಲಯಕ್ಕಾಗಿ ಗ್ಲೆನ್ ವೇವರ್ಲಿಯಲ್ಲಿ ಮೈಮುರಿದು ಸಾಲ ಮಾಡುವವರನ್ನು ನೋಡಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಮಗು ನಡೆದುಕೊಂಡು ಹೋಗಿ ಬರುವ ಶಾಲೆ ಇದ್ದರೆ ಮೊದಲು ಅದನ್ನು ಒಳಗೆ ಹೋಗಿ ನೋಡಿ. ಶಾಲೆಗಳು ಸುತ್ತಾಡಿಸಿ ತೋರಿಸುತ್ತವೆ.

ದಿನಸಿಗೆ ಚಿಂತೆ ಬೇಡ. ಡ್ಯಾಂಡೆನಾಂಗ್‌ನ ಫಾಸ್ಟರ್ ಸ್ಟ್ರೀಟ್‌ಗೆ 'ಲಿಟಲ್ ಇಂಡಿಯಾ' ಅಂತಲೇ ಹೆಸರು. ಒಂದು ಎಚ್ಚರಿಕೆ, ಡ್ಯಾಂಡೆನಾಂಗ್ ಊರು ಬೇರೆ, ಡ್ಯಾಂಡೆನಾಂಗ್ ಬೆಟ್ಟ ಬೇರೆ. ಮ್ಯಾಪ್‌ನಲ್ಲಿ ಹೆಸರು ನೋಡಿ ಮೋಸ ಹೋದವರು ಬೇಕಾದಷ್ಟು. ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಈಸ್ಟ್‌ಲಿಂಕ್ ಹಿಡಿದರೆ ಬೇಗ ಹೋಗಬಹುದು. ಅದು ಟೋಲ್ ರಸ್ತೆ, ಸಿಡ್ನಿಯ ಟ್ಯಾಗ್ ಇಲ್ಲೂ ನಡೆಯುತ್ತದೆ. ಕನ್ನಡದವರು ಬೇಕು ಅಂದರೆ ಮೆಲ್ಬರ್ನ್ ಕನ್ನಡ ಸಂಘ ಇದೆ. ರಾಜ್ಯೋತ್ಸವಕ್ಕೆ ಬನ್ನಿ, ಊಟದ ಸಾಲಿನಲ್ಲೇ ಅರ್ಧ ಪರಿಚಯ ಆಗುತ್ತದೆ.

ಮನೆ ನೋಡಲು ಶನಿವಾರ ಹೋಗಿಯೇ ಹೋಗುತ್ತೀರಿ, ಏಜೆಂಟ್‌ಗಳು ಕರೆಯುವುದೇ ಆವತ್ತು. ಇಷ್ಟವಾದರೆ ಮಂಗಳವಾರವೋ ಬುಧವಾರವೋ ಸಂಜೆ ಆರಕ್ಕೆ ಇನ್ನೊಮ್ಮೆ ಹೋಗಿ, ಹೊರಗಿನಿಂದಲೇ ನೋಡಿ. ಸಾಧ್ಯವಾದರೆ ಮಳೆಯಲ್ಲಿ. ಸ್ಟೇಷನ್‌ನಿಂದ ಮನೆವರೆಗೆ ನಡೆದು ಬನ್ನಿ, ದೀಪ ಇದೆಯಾ, ಕಾಲುದಾರಿ ಇದೆಯಾ ಗೊತ್ತಾಗುತ್ತದೆ. ಪಕ್ಕದ ಮನೆಯವರು ನಾಯಿ ಹಿಡಿದು ಬಂದರೆ ಮಾತಾಡಿಸಿ.

ಇನ್ನೊಂದು. ಬಂದ ಮೊದಲ ವಾರ ನಡುರಾತ್ರಿ ಚಾವಣಿ ಮೇಲೆ ಯಾರೋ ಬೂಟು ಹಾಕಿಕೊಂಡು ಓಡಿದ ಹಾಗೆ ಕೇಳಬಹುದು. ಪೊಲೀಸರಿಗೆ ಫೋನ್ ಮಾಡಬೇಡಿ, ಅದು ಪಾಸಮ್, ರಾತ್ರಿ ಓಡಾಡುವ, ಮರ ಹತ್ತುವ ಇಲ್ಲಿನ ಕಾಡುಪ್ರಾಣಿ. ಹಿಡಿದು ದೂರ ಬಿಟ್ಟು ಬರೋಣ ಅಂದರೆ ಅದಕ್ಕೂ ಕಾನೂನಿದೆ. ಹಿಡಿದ ಜಾಗದಿಂದ 50 ಮೀಟರ್ ಒಳಗೇ ಬಿಡಬೇಕು. ನಮ್ಮದು ಮಾವಿನ ಸಸಿಯ ಚಿಗುರನ್ನೆಲ್ಲ ತಿಂದು ಮುಗಿಸಿ, ಈಗ ಕರಿಬೇವಿಗೆ ಬಂದಿದೆ.